ಹುಳುಮನೆಯ ಪಕ್ಕದ ಗುಂಡಿನಾಟ

ಮುಖ್ತಿಯಾರ್ ಅವರನ್ನು ನಾನು ಮೊದಲು ಕಂಡದ್ದು ಹುತ್ತೂರಿನ ನಮ್ಮ ಹುಳುಮನೆಯ ಮುಂದೆ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕಿ ಹೊರಗೆ ಬಂದರೆ ಅವರು ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ನಿಂತಿದ್ದರು. ಬೀಡಿ ಸೇದಿದವರನ್ನು, ಅತ್ತರು ಹಚ್ಚಿದವರನ್ನು ನಾವು ಹುಳುಗಳ ಹತ್ತಿರ ಬಿಡುವುದಿಲ್ಲ. ಅದು ಅವರಿಗೆ ಗೊತ್ತಿದ್ದ ಹಾಗಿತ್ತು. ಸುಟ್ಟ ಮೋಟಾರಿಗೆ ತಂತಿ ಸುತ್ತುವವರು ಅಂತ ನಾನೂ ಅವರ ಬಗ್ಗೆ ಕೇಳಿದ್ದೆ.

"ಅಕ್ಕಾ, ಗೋಡೆ ಆಚೆ ರೂಮು ಖಾಲಿ ಐತಂತೆ. ಬಾಡಿಗೆಗೆ ಕೊಡ್ತೀರಾ?"

"ಮೋಟಾರ್ ಸುತ್ತೋ ಕೆಲಸಕ್ಕಾ ಭಾಯ್? ವಾರ್ನಿಶ್ ವಾಸ್ನೆ ಬಂದ್ರೆ ಹುಳು ಉಳಿಯಲ್ಲ."

"ಅದು ಬಸ್ ಸ್ಟ್ಯಾಂಡ್ ಅಂಗಡೀಲೇ ನಡೀತದೆ. ಇಲ್ಲಿ ನನ್ ಪೆಟ್ಟಿಗೆ ಇಡ್ತೀನಿ, ಅಷ್ಟೇ."

ಟೆಂಪೋದಲ್ಲಿ ಮೂರು ಪೆಟ್ಟಿಗೆ ಬಂದವು. ಬೆಂಗಳೂರಿನಲ್ಲಿ ಮುಚ್ಚಿಹೋದ ಆಟದಂಗಡಿಯ ಗುಜರಿಯಿಂದ ತಂದದ್ದಂತೆ. ನಾಲ್ಕು ಕಾಲಿನ ಮೇಲೆ ಓರೆಯಾಗಿ ನಿಂತ ಹಲಗೆ, ಮೇಲೆ ಗಾಜು, ಒಳಗೆ ದೀಪ, ಗಂಟೆ. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಅಲ್ಲಿ ಇಲ್ಲಿ ಬಡಿದು ಕೆಳಗೆ ಉರುಳುತ್ತದೆ. ಅದು ಬೀಳುವ ಮುಂಚೆ ಎರಡು ಕಡೆಯ ಗುಂಡಿ ಒತ್ತಿ ಮತ್ತೆ ಮೇಲಕ್ಕೆ ಹೊಡೆಯಬೇಕು. ಅವರು ಪಿನ್‌ಬಾಲ್ ಅನ್ನುತ್ತಿದ್ದರು. ಊರಿನವರು ಗುಂಡಿನ ಪೆಟ್ಟಿಗೆ ಅಂದರು.

ನಾನು ಒಂದೇ ಮಾತು ಹೇಳಿದ್ದೆ. ಹುಳು ಜ್ವರಕ್ಕೆ ಕೂತಾಗ ಪೆಟ್ಟಿಗೆ ಹಚ್ಚಬಾರದು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದೆ; ಪೊರೆ ಕಳಚಿದ ಮೇಲೆ ಏಳುತ್ತದೆ. ಕೂತಿರುವಾಗ ಹುಳುವಿನ ತಟ್ಟೆ ಅದುರಬಾರದು. ಪೆಟ್ಟಿಗೆಯ ಬಡಿತಕ್ಕೆ ನಡುಗೋಡೆ ಅದುರುತ್ತಿತ್ತು. ಅಂದಿನಿಂದ ಅವರು ಬಂದಾಗಲೆಲ್ಲ ಕಿಟಕಿಯ ಆಚೆ ನಿಂತು ಕೇಳುವುದು, "ಅಕ್ಕಾ, ಎದ್ದವಾ, ಕೂತವಾ?" ಎದ್ದಿವೆ ಅಂದರೆ ಒಳಗೆ ಗಂಟೆ ಬಾರಿಸುತ್ತಿತ್ತು. ಕೂತಿವೆ ಅಂದರೆ ತಂತಿ ಬೆಸೆಯುತ್ತಾ, ಗಾಜು ಒರೆಸುತ್ತಾ ಸಂಜೆ ಮಾಡುತ್ತಿದ್ದರು.

"ನೀವೂ ಒಂದಾಟ ಆಡಿ ಅಕ್ಕಾ," ಅನ್ನುತ್ತಿದ್ದರು.

"ಎಣ್ಣೆ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಕ್ಕಾಗಲ್ಲ ಭಾಯ್. ಬೆಳೆ ಮುಗೀಲಿ."

ಒಂದು ಬೆಳೆ ಮುಗಿದರೆ ಮನೆ ತೊಳೆದು ಸುಣ್ಣ ಹೊಡೆಯುವುದು, ಅಷ್ಟರಲ್ಲಿ ಇನ್ನೊಂದು ಬೆಳೆಯ ಚಾಕಿ, ಅಂದರೆ ಮರಿಹುಳು, ಬಂದಿರುತ್ತಿತ್ತು.

ಅವರ ನೆರೆಯಲ್ಲಿ ಜುಬೇರ್ ಪಾರಿವಾಳ ಸಾಕುತ್ತಿದ್ದ. ಸಂಜೆಯಾದರೆ ಅವನ ಮಾಳಿಗೆ ತುಂಬ ಜನ. ಅದೇ ಬೀದಿಯ ಪೆದ್ದಪ್ಪ ಹಳೇ ನಾಣ್ಯ ಕೂಡಿಸುತ್ತಿದ್ದ. ಅವನ್ನು ನೋಡಲು ಮೇಷ್ಟರುಗಳು ಕೋಲಾರದಿಂದ ಬರುತ್ತಿದ್ದರು. ಗುಂಡಿನ ಪೆಟ್ಟಿಗೆ ನೋಡಲು ಬಂದವರು ಒಂದು ಸಲ ನಕ್ಕು ಹೋದವರೇ, ತಿರುಗಿ ಬರಲಿಲ್ಲ.

"ಭಾಯ್, ನಮ್ ಪಾರಿವಾಳದ ಗ್ರೂಪಲ್ಲಿ ಮೆಸೇಜ್ ಬಂದೂ ಬಂದೂ ಫೋನು ಬಿಸಿ ಆಯ್ತದೆ. ನಿಮ್ದು ಹೆಂಗೆ?" ಅಂತ ಜುಬೇರ್ ಕೆಣಕುವನು.

"ನಮ್ದರಲ್ಲಿ ಪುಣೇಲೊಬ್ರು, ಕೊಚ್ಚೀಲೊಬ್ರು, ನಾನು. ಬೆಳಿಗ್ಗೆ ಸಲಾಂ ಹಾಕಿದ್ರೆ ಸಂಜೆಗೆ ನಾನೇ ವಾಲೇಕುಂ ಅನ್ಕೋಬೇಕು ಕಣೋ," ಎಂದು ಅವರೇ ಎಲ್ಲರಿಗಿಂತ ಜೋರಾಗಿ ನಗುವರು.

ಜುಬೇರ್ ಊರು ಬಿಟ್ಟು ಮಾಲೂರಿಗೆ ಹೊರಟಾಗ ಅವನ ಹಕ್ಕಿಗಳು ಒಂದೇ ಸಂಜೆಯಲ್ಲಿ ಖಾಲಿಯಾದವು. ಒಂದು ಜೋಡಿಗೆ ಇಬ್ಬರು ಜಗಳವನ್ನೂ ಆಡಿದರು. ಮುಖ್ತಿಯಾರ್ ಅದನ್ನು ನೋಡಿಕೊಂಡು ಬಂದರು. ಹುಳು ಎದ್ದಿದ್ದವು, ಆದರೂ ಪೆಟ್ಟಿಗೆ ಹಚ್ಚಲಿಲ್ಲ.

ಆಮೇಲೆ ಅವರ ಹೆಂಡತಿ ಗೌಹರ್ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಮುಖ್ತಿಯಾರ್ ಪೆಟ್ಟಿಗೆಯ ಹತ್ತಿರ ಇದ್ದರು, ಕೂಗು ಕೇಳಲಿಲ್ಲ. ಶ್ರೀನಿವಾಸಪುರದ ಮಗಳು ತಬಸ್ಸುಮ್ ಇಬ್ಬರನ್ನೂ ತನ್ನ ಮನೆಗೆ ಕರೆದಳು. ಅವಳ ಎರಡು ಕೋಣೆಯ ಮನೆಯಲ್ಲಿ ಪೆಟ್ಟಿಗೆಗೆ ಜಾಗವಿಲ್ಲ. ಇವರಿಗೂ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಆದರೂ ಪೆಟ್ಟಿಗೆ ಒಯ್ಯುವವರು ಸಿಗಲಿ ಅಂತ ಮಳೆಗಾಲವೆಲ್ಲ ಕಾಯ್ದರು. ನಾನು ಗಂಜಿ ಕೊಟ್ಟು ಬರಲು ಹೋದರೆ ಗೌಹರ್ ಮಲಗಿದ್ದಲ್ಲಿಂದಲೇ ಹೇಳಿದರು, "ಕಾಲು ಕಟ್ಟಿರೋದು ನನಗಲ್ಲ ಅಕ್ಕಾ, ಇವ್ರಿಗೆ. ಪೆಟ್ಟಿಗೆ ಬಿಟ್ಟು ಬರಕ್ಕಾಗಲ್ಲ, ಹೊತ್ಕೊಂಡು ಬರಕ್ಕೂ ಆಗಲ್ಲ. ನಾನೂ ಇಲ್ಲೇ ಬಿದ್ದಿದೀನಿ."

ಕೊನೆಗೆ ಒಯ್ಯಲು ಒಪ್ಪಿದ್ದು ಮುಳಬಾಗಿಲು ಹೈವೇಯ ಹೋಟೆಲಿನ ಭೀಮರಾಜ್ ಒಬ್ಬನೇ. ಅವನು ಗಾಜನ್ನು ತಟ್ಟಿ ನೋಡಿದ.

"ಒಳಗಿನ ಸಾಮಾನೆಲ್ಲ ಕಿತ್ತಾಕಿದ್ರೆ ಚೆನ್ನಾಗಿರೋ ಟೇಬಲ್ ಆಯ್ತದೆ. ದೀಪ ಮಾತ್ರ ಇರ್ಲಿ, ಗಿರಾಕಿ ಫೋಟೋ ತಗೋತಾರೆ."

ಮುಖ್ತಿಯಾರ್ ಒಪ್ಪಿದಂತೆ ತಲೆಯಾಡಿಸಿದರು.

ಹೊರಡುವ ದಿನ ಬೆಳಿಗ್ಗೆ ಕಾರು ಬಂತು. ಗೌಹರ್ ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. ತಬಸ್ಸುಮ್ ಕಿಟಕಿಯಿಂದ, "ಅಬ್ಬಾ, ಬಿಸಿಲೇರ್ತದೆ!" ಅಂತ ಕೂಗುತ್ತಿದ್ದಳು. ಇವರು ನನ್ನ ಕಿಟಕಿಗೆ ಬಂದರು.

"ಅಕ್ಕಾ, ಎದ್ದವಾ, ಕೂತವಾ?"

ನಾಲ್ಕನೇ ಜ್ವರ. ತಟ್ಟೆ ತುಂಬ ತಲೆ ಎತ್ತಿ ಕೂತಿದ್ದವು. ಸುಳ್ಳು ಹೇಳಲು ಆಗಲಿಲ್ಲ.

"ಕೂತವೆ ಭಾಯ್. ಏಳೋದು ನಾಳೆ ಮಧ್ಯಾಹ್ನಕ್ಕೆ."

ಅವರು ತಮ್ಮ ಕೋಣೆಯ ಬಾಗಿಲ ಕಡೆ ನೋಡಿದರು, ಕಾರಿನ ಕಡೆ ನೋಡಿದರು. ಕೀಲಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟರು. ಬೆರಳು ಮಾತ್ರ ಅದರ ಮೇಲಿಂದ ಎತ್ತಲಿಲ್ಲ.

"ಭೀಮರಾಜ್ ಬರೋದು ನಾಳೆ ಸಂಜೆಗೆ. ಅವು ಎದ್ಮೇಲೆ, ಅವ್ನು ಬರೋಕ್ ಮುಂಚೆ, ನೀವು ಒಂದೇ ಒಂದ್ ಗುಂಡು ಬಿಡ್ತೀರಾ ಅಕ್ಕಾ?"