ಮನೆಯ ವಯಸ್ಸು

ನಾನು ಇಂಜಿನಿಯರ್ ಆಗುವುದು ಸಾಧ್ಯವಿಲ್ಲ ಎಂದವರೂ, ನಮ್ಮ ಮನೆಯನ್ನು ಸರ್ಕಾರ ಮುಟ್ಟುವುದು ಸಾಧ್ಯವಿಲ್ಲ ಎಂದವರೂ ಒಬ್ಬರೇ, ನನ್ನ ದೊಡ್ಡಪ್ಪ. ಎರಡೂ ಆದವು. ಮೊದಲನೆಯದಕ್ಕೆ ನಾನು ಬಹಳ ಕಷ್ಟಪಟ್ಟೆ. ಎರಡನೆಯದಕ್ಕೆ ಯಾರೂ ಕಷ್ಟಪಡಬೇಕಾಗಲಿಲ್ಲ. ಕೊಯಮತ್ತೂರಿನಲ್ಲಿ ಗಿರಣಿಯ ಲಾರಿಗಳು ಹೆಚ್ಚಿದವು, ರಸ್ತೆ ಸಾಲದಾಯಿತು, ನಮ್ಮ ಬೀದಿಯ ಒಂದು ಸಾಲಿನ ಬಾಗಿಲುಗಳಿಗೆ ನೋಟೀಸು ಅಂಟಿಸಿದರು.

ಅಪ್ಪ ತೀರಿಕೊಂಡ ಮೇಲೆ ನಾನು ಬೆಳೆದದ್ದು ಅದೇ ಮನೆಯಲ್ಲಿ, ದೊಡ್ಡಪ್ಪನ ಮಗ್ಗದ ಸದ್ದಿನಲ್ಲಿ. "ನಮ್ ಕುಲದಲ್ಲಿ ಪಡಿಪ್ಪು ಯಾರ್ಗ್ ಹತ್ತಿದೆ? ಇವ್ನು ಓದಿ ಮುಗ್ಸೋಷ್ಟ್ರಲ್ಲಿ ನಾನು ಇಡೀ ಊರಿಗೆ ಸೀರೆ ಉಡ್ಸಿರ್ತೀನಿ" ಎಂದು ಮಗ್ಗದ ಗುಂಡಿಯಲ್ಲಿ ಕೂತೇ ಚುಚ್ಚುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲಿಗ ನಾನು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸರ್ಕಾರಿ ಕಚೇರಿಯಲ್ಲಿ ಕಟ್ಟಡಗಳಿಗೆ ಬೆಲೆ ಕಟ್ಟುವ ಕೆಲಸವೂ ಸಿಕ್ಕಿತು. ನಮ್ಮ ಬೀದಿಯ ಕಾಗದಗಳು ಬಂದದ್ದು ಅದೇ ಕಚೇರಿಗೆ.

ಅವುಗಳಲ್ಲಿ ಒಂದು ನನ್ನ ದೊಡ್ಡಪ್ಪನ ಮನೆಯದು ಎಂದು ಮೊದಲ ದಿನವೇ ಮೇಲಧಿಕಾರಿಗೆ ತಿಳಿಸಿದೆ. "ಹಾಗಾದರೆ ತಂಬಿ, ನೀನು ಟೇಪು ಹಿಡಿ ಸಾಕು. ಸವಕಳಿ ನಾನು ಬರೆಯುತ್ತೇನೆ" ಎಂದು ಅವರು ತಮಿಳಿನಲ್ಲಿ ಹೇಳಿದರು. ಅದು ನ್ಯಾಯವೇ. ಅವರ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ.

ಸವಕಳಿ ಎಂದರೆ ಇಷ್ಟೇ. ನೆಲಕ್ಕೆ ಮುಪ್ಪಿಲ್ಲ, ಕಟ್ಟಡಕ್ಕೆ ಇದೆ. ಅದೇ ಮನೆಯನ್ನು ಇಂದು ಹೊಸದಾಗಿ ಕಟ್ಟಿದರೆ ಏನು ಖರ್ಚಾಗುತ್ತದೋ ಅದರಲ್ಲಿ ಸವೆದದ್ದನ್ನು ಕಳೆಯಬೇಕು. ಎಷ್ಟು ಸವೆದಿದೆ ಎಂಬುದನ್ನು ವಯಸ್ಸಿನಿಂದ ಅಳೆಯುವವರಿದ್ದಾರೆ. ಗೋಡೆ ತಟ್ಟಿ, ತೊಲೆ ಚುಚ್ಚಿ, ಇನ್ನೆಷ್ಟು ಕಾಲ ನಿಲ್ಲಬಲ್ಲದು ಎಂದು ನೋಡಿ ಅಳೆಯುವವರೂ ಇದ್ದಾರೆ. ಕಾಲೇಜಿನಲ್ಲಿ ನಾನು ಎರಡನೆಯದನ್ನು ನಂಬಿದೆ, ನಮ್ಮ ಕಚೇರಿ ನಂಬುವುದು ಮೊದಲನೆಯದನ್ನು. ನಮ್ಮ ಮನೆಯ ನೆಲವೋ ಕೈಯಗಲ. ದೊಡ್ಡಪ್ಪನಿಗೆ ಬರಬೇಕಾದದ್ದೆಲ್ಲ ಕಟ್ಟಡದಿಂದಲೇ ಬರಬೇಕಿತ್ತು. ಅದು ಸರಿಯಾಗಿ ಬಂದರೆ ಹಿಂದಿನ ಬೀದಿಯಲ್ಲಿ ಮಗ್ಗ ಹೂಡುವಷ್ಟು ಒಂದು ಮನೆ. ಬರದಿದ್ದರೆ ಸೋಮನೂರಿಗೆ ಹೋಗಿ ಬೇರೆಯವರ ಶೆಡ್ಡಿನಲ್ಲಿ ಕೂಲಿ ನೇಯಬೇಕು.

ಟೇಪು ಹಿಡಿದು ಹೋದ ದಿನ ಬೀದಿಯವರೆಲ್ಲ ಜಗುಲಿಯ ಮುಂದೆ ನಿಂತಿದ್ದರು. ಮನೆಯಲ್ಲಿ ಕನ್ನಡ ಆಡುವ ನಮ್ಮನ್ನು ಆ ಬೀದಿಯಲ್ಲಿ ಕೆಲವರು ಇನ್ನೂ "ಘಟ್ಟದ ಮೇಲಿಂದ ಇಳಿದು ಬಂದವರು" ಎನ್ನುತ್ತಿದ್ದರು, ನಿನ್ನೆ ಮೊನ್ನೆ ಬಂದವರಂತೆ. ಅದಕ್ಕೆ ನಮ್ಮ ಹಿರಿಯರ ಬಳಿ ಒಂದೇ ಉತ್ತರ, ಮನೆಯ ವಯಸ್ಸು. ನನ್ನ ಜೊತೆ ಬಂದಿದ್ದ ಗುಮಾಸ್ತ ಕೇಳಿದ, "ಮನೆ ಕಟ್ಟಿ ಎಷ್ಟು ಕಾಲವಾಯಿತು?" ದೊಡ್ಡಪ್ಪ ಬೀದಿಯವರಿಗೆ ಕೇಳುವಂತೆ ಹೇಳಿದರು, "ನೂರಿಪ್ಪತ್ತು ವರ್ಷ. ನಮ್ಮ ತಾತನ ತಾತ ಕಟ್ಟಿದ್ದು."

ನನ್ನ ಕೈಯಲ್ಲಿ ಟೇಪಿನ ಒಂದು ತುದಿ ಇತ್ತು. ತಾತನ ತಾತ ಕಟ್ಟಿದ ಮನೆ ಮಳೆಗೆ ಕುಸಿದು, ನನ್ನಪ್ಪನ ಮದುವೆಯ ಹಿಂದಿನ ವರ್ಷ ಬುಡದಿಂದ ಕಲ್ಲು ಗಾರೆ ಹಾಕಿ ಎಬ್ಬಿಸಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆಮೇಲೊಮ್ಮೆ ಹೆಂಚು ಬದಲಾಯಿಸಿದ್ದನ್ನು ಚಿಕ್ಕಂದಿನಲ್ಲಿ ನಾನೇ ಕಂಡಿದ್ದೆ. ನಾನು ಬಾಯಿ ತೆರೆಯುವ ಮೊದಲೇ, ಗುಮಾಸ್ತ ಬರೆದುಕೊಂಡದ್ದರ ಕೆಳಗೆ ದೊಡ್ಡಪ್ಪ ತಮಿಳಿನಲ್ಲಿ ರುಜು ಹಾಕಿದ್ದರು. ಪಕ್ಕದ ಮನೆಯವರು ಸಾಕ್ಷಿ ಹಾಕಿದರು. ಅವರು ಅಷ್ಟು ಸಂತೋಷದಿಂದ ನಮ್ಮ ಮಾತು ಒಪ್ಪಿದ್ದು ಅದೇ ಮೊದಲು.

ಸಂಜೆ ದೊಡ್ಡಪ್ಪನಿಗೆ ಎಲ್ಲ ಬಿಡಿಸಿ ಹೇಳಿದೆ. ಅಂಥ ಕಟ್ಟಡಕ್ಕೆ ಕಚೇರಿ ಹಾಕುವ ಆಯುಸ್ಸು ಎಂಬತ್ತು, ನೀವು ಹೇಳಿದ್ದು ಅದನ್ನೂ ದಾಟಿದೆ, ಲೆಕ್ಕದಲ್ಲಿ ಮನೆ ಸತ್ತು ಹೋಗಿದೆ, ಉಳಿಯುವುದು ಬಿಚ್ಚಿ ಮಾರಿದ ಮರ ಹೆಂಚಿನ ಬೆಲೆ ಮಾತ್ರ ಎಂದೆ.

"ಹಳೇದು ಅಂದ್ರೆ ಜಾಸ್ತಿ ಅಲ್ವೇನೋ? ಹಳೇ ಬೆಳ್ಳಿ, ಹಳೇ ತೇಗ..."

"ಮನೆಗೆ ಹಂಗಲ್ಲ ದೊಡ್ಡಪ್ಪ. ನಾಳೆ ಬಂದು ನಿಜ ಹೇಳ್ಬಿಡಿ."

"ಬೀದಿ ಎದ್ರಿಗೆ ಹೇಳಿದ್ದನ್ನ ಸುಳ್ಳು ಅಂತ ಹೇಳ್ಲಾ? ಇದನ್ನ ಕಲಿಯೋಕ್ಕೇನಾ ನೀನ್ ಅಷ್ಟು ಓದಿದ್ದು?"

ಒಳಗಿಂದ ದೊಡ್ಡಮ್ಮ, "ಮರ್ಯಾದೇನ ಬೇಯ್ಸಿ ತಿನ್ನೋಕ್ ಆಗುತ್ತಾ? ಹೋಗ್ ಬನ್ನಿ" ಎಂದರು. ಮರುದಿನ ಬೆಳಿಗ್ಗೆ ದೊಡ್ಡಪ್ಪ, ಒಗೆದ ಅಂಗಿ ಹಾಕಿಕೊಂಡು, ನನಗಿಂತ ಮೊದಲೇ ಹೊರಟು ನಿಂತಿದ್ದರು.

ಅಧಿಕಾರಿಯ ಮೇಜಿನ ಮುಂದೆ ದೊಡ್ಡಪ್ಪ ಕೈಕಟ್ಟಿ ನಿಂತು, ಮನೆ ಅಷ್ಟು ಹಳೆಯದಲ್ಲ, ಬಾಯಿ ತಪ್ಪಿ ಹೇಳಿದೆ ಅಂದರು. ಅವರು ಯಾರ ಎದುರಿಗಾದರೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಅಧಿಕಾರಿ ಒರಟಾಗೇನೂ ಮಾತಾಡಲಿಲ್ಲ. "ಪೆರಿಯವರೇ, ನೋಟೀಸು ಬಂದಮೇಲೆ ಊರಿನ ಎಲ್ಲ ಮನೆಗಳಿಗೂ ವಯಸ್ಸು ಇಳಿಯುತ್ತೆ. ಮತ್ತೆ ಕಟ್ಟಿದ್ದಕ್ಕೆ ಏನಾದರೂ ಕಾಗದ ಇದೆಯಾ?" ಕಾಗದ ಇರಲಿಲ್ಲ. ಕಟ್ಟಿದ ಮೇಸ್ತ್ರಿ ಸತ್ತು ಬಹಳ ಕಾಲವಾಗಿತ್ತು. ನೀವೇ ಬಂದು ಗೋಡೆ ನೋಡಿ, ಇನ್ನೂ ಐವತ್ತು ವರ್ಷ ನಿಲ್ಲುತ್ತದೆ ಎಂದು ನಾನು ಹೇಳಿದೆ. "ನೀನು ಇದರಲ್ಲಿ ಮಾತಾಡಬಾರದು ತಂಬಿ" ಎಂದರು. ಅಲ್ಲಿಗೆ ನನ್ನ ಡಿಗ್ರಿ ಮುಗಿಯಿತು.

ಕೆಲವು ವಾರಗಳ ನಂತರ ಬೆಲೆಯ ಸರ್ಟಿಫಿಕೇಟು ಟೈಪಾಗಿ ಬಂತು. ಬೇರೆಯವರ ಕೈಯಿಂದ ಅದು ಅವರಿಗೆ ಸೇರುವುದು ಬೇಡವೆಂದು ನಾನೇ ತೆಗೆದುಕೊಂಡು ಹೋದೆ. ದೊಡ್ಡಪ್ಪ ಮಗ್ಗದಲ್ಲಿದ್ದರು. ಇಂಗ್ಲಿಷಿನಲ್ಲಿದ್ದದ್ದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಕಟ್ಟಡದ ಆಯುಸ್ಸು ಪೂರ್ತಿ ಮುಗಿದಿದೆ, ಮರ ಮತ್ತು ಹೆಂಚಿಗೆ ಇಷ್ಟು. ಮೊತ್ತವನ್ನು ಅವರು ಎರಡನೆಯ ಸಲ ಕೇಳಲಿಲ್ಲ. ನಾನು ಕಾಗದ ಮಡಿಸಿ ಅವರ ಕೈಗೆ ಕೊಟ್ಟೆ. ಅವರು ಅದನ್ನು ಮೊಣಕಾಲಿನ ಮೇಲಿಟ್ಟುಕೊಂಡರು. ದೊಡ್ಡಮ್ಮ ಬಾಗಿಲಲ್ಲಿ ನಿಂತಿದ್ದರು.

ಆಮೇಲೆ ದೊಡ್ಡಪ್ಪ ಹೇಳಿದರು, "ಸೋಮನೂರಲ್ಲಿ ನಮ್ಮನ್ನ ಯಾರ್ ಕೇಳ್ತಾರೆ ರಾಜಾ, ಎಷ್ಟು ತಲೆಮಾರಿಂದ ಇದೀರಿ ಅಂತ."