ಜಾಗ ತಪ್ಪಿದ ಒಂದು ‘ಗೆ’

ಅಕ್ಕಲಕೋಟೆಯ ಬಸ್‌ಸ್ಟ್ಯಾಂಡಿನಲ್ಲಿ ಮುಂಜಾನೆ ಎಂಟರ ಸೊಲ್ಲಾಪುರ ಗಾಡಿಗೆ ನಿಲ್ಲುವವರಿಗೆಲ್ಲ ದ್ವಾರಕಾಬಾಯಿ ಗೊತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಹೆಗಲಿಗೆ ಬಟ್ಟೆಯ ಚೀಲ, ಚೀಲದಲ್ಲಿ ಊಟದ ಡಬ್ಬಿ ಮತ್ತು ಒಂದು ಕೆಂಪು ಪೆನ್ಸಿಲ್. ಆ ಪೆನ್ಸಿಲ್ಲಿಗೆ ಇಡೀ ಸ್ಟ್ಯಾಂಡು ಹೆದರುತ್ತಿತ್ತು. ಕಬ್ಬಿನ ಹಾಲಿನ ಅಂಗಡಿಯ ಫಲಕದಲ್ಲಿ ಒಂದು ದೀರ್ಘ ಬಿಟ್ಟುಹೋಗಿದ್ದರೆ ಅಂಗಡಿಯವನಿಗೆ ಮೂರು ದಿನ ನೆನಪು ಮಾಡಿ ನಾಲ್ಕನೆಯ ದಿನ ತಾವೇ ತಿದ್ದಿಬಿಡುವರು. ಅವರ ಮದುವೆಯ ಲಗ್ನಪತ್ರಿಕೆಯಲ್ಲಿ ‘ದ್ವಾರಕ’ ಎಂದು ಅಚ್ಚಾಗಿತ್ತಂತೆ. ಮದುಮಗಳು ಅರಿಶಿನದ ಕೈಯಲ್ಲೇ ಇನ್ನೂರು ಪತ್ರಿಕೆಗಳಿಗೂ ದೀರ್ಘ ಕೊಟ್ಟು ಹಂಚಲು ಬಿಟ್ಟಳೆಂದು ಗಂಡ ಶಿವಾನಂದರು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅವರು ತಹಶೀಲ ಕಚೇರಿಯಲ್ಲಿ ಕಾರಕೂನರು, ಸಮಾಧಾನದ ಮನುಷ್ಯ.

ದ್ವಾರಕಾಬಾಯಿಯ ನೌಕರಿ ಸೊಲ್ಲಾಪುರದ ಚಾಟಿ ಗಲ್ಲಿಯಲ್ಲಿದ್ದ ನಾಗಪ್ಪ ಶೇಠರ ಚಾದರದ ಅಂಗಡಿಯಲ್ಲಿ. ಇಪ್ಪತ್ತೇಳು ವರ್ಷದಿಂದ ಅಂಗಡಿಯ ಪತ್ರವ್ಯವಹಾರ ಅವರ ಕೈಯಲ್ಲಿತ್ತು. ಪುಣೆ, ಲಾತೂರಿಗೆ ಮರಾಠಿಯಲ್ಲಿ, ವಿಜಾಪುರ, ಗುಲಬರ್ಗಾಕ್ಕೆ ಕನ್ನಡದಲ್ಲಿ ಬರೆಯುವರು. ಶೇಠರ ಮನೆಮಾತು ಕನ್ನಡವೇ, ಆದರೆ ಕಲಿತ ಸಾಲಿ ಮರಾಠಿಯದು. ಕನ್ನಡ ಅಕ್ಷರ ಕಂಡರೆ ಕನ್ನಡಕ ಒರೆಸಿಕೊಂಡು “ನೀವ ಓದ್ರಿ, ಬಾಯಿ” ಎಂದುಬಿಡುವರು. ಅವರ ಮಗ ಪರಾಗನಿಗಂತೂ ಒಂದಕ್ಷರವೂ ಬಾರದು. ಪುಣೆಯಲ್ಲಿ ವ್ಯಾಪಾರದ ಪದವಿ ಮಾಡಿ ಬಂದ ಹುಡುಗ. ಚಿಕ್ಕವನಿದ್ದಾಗ ದ್ವಾರಕಾಬಾಯಿಯ ಡಬ್ಬಿಯಲ್ಲಿನ ಶೇಂಗಾ ಚಟ್ನಿಗೆ ಕೈಹಾಕಿ ಬೆಳೆದವನಾದ್ದರಿಂದ ಈಗಲೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದ.

ತೊಂಬತ್ತೇಳರ ದೀಪಾವಳಿಗೆ ಪರಾಗ ಒಂದು ಯೋಜನೆ ತಂದ. ಎರಡು ಚಾದರ ತೆಗೆದುಕೊಂಡವರಿಗೆ ಒಂದು ಟಾವೆಲ್ ಫ್ರೀ. ಮರಾಠಿಯಲ್ಲಿ ಹ್ಯಾಂಡ್‌ಬಿಲ್ ತಯಾರಾಯಿತು.

“ಕನ್ನಡದಾಗೂ ಒಂದು ಹೊಡಸ್ರಿ,” ಎಂದರು ದ್ವಾರಕಾಬಾಯಿ. “ನಮ್ಮ ಅಕ್ಕಲಕೋಟಿ ಹತ್ತರ ನಾಗಣಸೂರ ಕಡೆ ಹಳ್ಯಾಗ ಸಾಲಿ ಕನ್ನಡದ್ದದ. ಅವರ ಮನಿ ಮಾತಿನ್ಯಾಗ ಬರದ್ರ ಅವರು ನಮ್ಮ ಅಂಗಡಿ ಅಂತಾರ.”

“ಯಾರ ಓದ್ತಾರ, ಮಾವಶಿ?” ಎಂದ ಪರಾಗ. ಆದರೆ ಶೇಠರು ಹೂಂ ಅಂದರು.

ಹ್ಯಾಂಡ್‌ಬಿಲ್ಲಿನ ತಳಕ್ಕೆ ಹರಿದು ಕೊಡುವಂಥ ಒಂದು ಚೀಟಿ. ಹೆಸರು, ಊರು, ಏನು ಬೇಕು ಎಂಬುದನ್ನು ಅದರಲ್ಲಿ ಬರೆದು ಅಕ್ಕಲಕೋಟೆಯ ಅಮೋಗಸಿದ್ಧ ಟೇಲರನ ಹತ್ತಿರ ಕೊಟ್ಟರೆ ಆಯಿತು. ದೀಪಾವಳಿಯ ಪಾಡ್ಯದೊಳಗೆ ಮಾಲು ಊರಿಗೇ ಬರುವುದು, ದುಡ್ಡು ಆಗ ಕೊಡುವುದು.

ಅಚ್ಚುಕೂಟದ ತುಕಾರಾಮ ಮೊಳೆ ಜೋಡಿಸುವುದರಲ್ಲಿ ಗಟ್ಟಿಗ, ಆದರೆ ಮರಾಠಿಯವನು. ಕನ್ನಡವನ್ನು ಓದಿ ಜೋಡಿಸುತ್ತಿರಲಿಲ್ಲ; ಕಾಗದದ ಮೇಲಿನ ಆಕಾರ ನೋಡಿ ಅದೇ ಆಕಾರದ ಮೊಳೆ ಹುಡುಕಿ ಇಡುತ್ತಿದ್ದ. ದ್ವಾರಕಾಬಾಯಿ ಹಳ್ಳಿಯ ಬಾಯಿಮಾತಿನಂತೆ ಚಾದರವನ್ನು ಚಾದರಿ ಮಾಡಿ ಬರೆದುಕೊಟ್ಟದ್ದು ‘ಎರಡು ಚಾದರಿಗೆ’ ಎಂದು ಒಂದು ಸಾಲು, ‘ಒಂದು ಟಾವೆಲ್ ಫ್ರೀ’ ಎಂದು ಅದರ ಕೆಳಗಿನ ಸಾಲು. ಬೇಕಾದ್ದು ದಪ್ಪಕ್ಷರ. ಮೊದಲ ಸಾಲಿನಲ್ಲಿ ಕೊನೆಯ ‘ಗೆ’ ಹಿಡಿಯಲಿಲ್ಲ. ತುಕಾರಾಮ ಅದನ್ನು ಎತ್ತಿ ಎರಡನೆಯ ಸಾಲಿನಲ್ಲಿ ಜಾಗ ಕಂಡಲ್ಲಿ ಕೂಡಿಸಿದ. ಆಗ ಆದದ್ದು: ‘ಎರಡು ಚಾದರಿ ಒಂದು ಟಾವೆಲ್‌ಗೆ ಫ್ರೀ’.

ಕರಡು ನೋಡಲು ದ್ವಾರಕಾಬಾಯಿಯೇ ಹೋದರು. ವಿಳಾಸದಲ್ಲಿ ಒಂದು ಒತ್ತು ತಪ್ಪಿತ್ತು, ತಿದ್ದಿದರು. ತಾರೀಖು ನೋಡಿದರು. ಚೀಟಿಯ ಗೆರೆ ಸೊಟ್ಟಗಿದೆ ಎಂದು ತುಕಾರಾಮನನ್ನು ಬೈದರು. ನಡುವಿನ ದೊಡ್ಡ ಸಾಲುಗಳ ಮೇಲೆ ಅವರ ಕಣ್ಣು ಹಾಯಿತು, ಆದರೆ ಅಲ್ಲಿ ಅವರಿಗೆ ಕಂಡದ್ದು ತಾವು ಬರೆದದ್ದೇ. ಕೆಳಗೆ ‘ಸರಿಯಾಗಿದೆ’ ಎಂದು ಬರೆದು ಸಹಿ ಮಾಡಿ ಬಸ್ಸಿಗೆ ಓಡಿದರು.

ಎಂಟು ದಿನದ ಮೇಲೆ ಅಮೋಗಸಿದ್ಧ ಒಂದು ಗಂಟು ಚೀಟಿ ತಂದು ಮೇಜಿನ ಮೇಲೆ ಸುರಿದ. ನೂರಾ ನಲವತ್ತಮೂರು! ಮರಾಠಿಯವು ಬಂದದ್ದು ಇಪ್ಪತ್ತೋ ಏನೋ. ಶೇಠರಿಗೆ ಹಿಗ್ಗು. ಪೇಢೆ ತರಿಸಿದರು. “ನೋಡೋ ಪರಾಗ, ಯಾರ ಓದ್ತಾರ ಅಂದಿದ್ದಿ!” ಎಂದು ಮಗನ ಬೆನ್ನಿಗೆ ಗುದ್ದಿದರು. ದ್ವಾರಕಾಬಾಯಿ ಪೇಢೆ ಬಾಯಿಗಿಟ್ಟುಕೊಂಡೇ ಮೊದಲ ಚೀಟಿ ಬಿಡಿಸಿದರು. ‘ಒಂದು ಟಾವೆಲ್, ಅದರ ಎರಡು ಚಾದರ’ ಎಂದಿತ್ತು. ಯಾರೋ ತಿಳಿಯದೆ ಬರೆದಿದ್ದಾರೆ ಎಂದುಕೊಂಡು ಎರಡನೆಯದು ತೆಗೆದರು. ಅದರಲ್ಲೂ ಅದೇ. ಹತ್ತನೆಯ ಚೀಟಿಗೆ ಅವರು ಎದ್ದು ಗೋಡೆಗೆ ಅಂಟಿಸಿದ್ದ ಹ್ಯಾಂಡ್‌ಬಿಲ್ಲಿನ ಮುಂದೆ ಹೋಗಿ ನಿಂತರು. ಬೆರಳಿಟ್ಟು, ಸಾಲಿಯ ಮಕ್ಕಳಂತೆ ಅಕ್ಷರ ಅಕ್ಷರ ಓದಿದರು.

“ಏನಾತ್ರಿ, ಬಾಯಿ?” ಎಂದರು ಶೇಠರು.

“ನನ್ನ ಕೈಯಾಗ ಚೂಕ ಆಗ್ಯಾದ್ರಿ, ಶೇಠಜಿ,” ಎಂದರು ದ್ವಾರಕಾಬಾಯಿ. ತುಕಾರಾಮನ ಹೆಸರು ತೆಗೆಯಲಿಲ್ಲ. ಸಹಿ ತಮ್ಮದಿತ್ತು.

ಪರಾಗ ಸಂಜೆಯೊಳಗೆ ವಕೀಲರನ್ನು ಕಂಡು ಬಂದ. “ಹ್ಯಾಂಡ್‌ಬಿಲ್ ಅಂದ್ರ ಬರ್ರಿ ಅಂತ ಕರಿಯೂದು ಅಷ್ಟ, ಕರಾರ ಅಲ್ಲಂತ. ಅಚ್ಚಿನ ಚೂಕಿಗೆ ನಾವು ಮಾಲ ಕೊಡಬೇಕಾಗಿಲ್ಲ. ಮತ್ತ ಮಾವಶಿ, ಟಾವೆಲ್ ತೊಗೊಂಡವರಿಗೆ ಯಾರರ ಎರಡು ಚಾದರ ಕೊಡ್ತಾರೇನು? ಓದಿದವರಿಗೂ ತಿಳೀಬೇಕಲ್ಲ? ಮಗ್ಗದ ಮುಂದ ನಿಂತು ನೇಯ್ದವರ ದುಡಿತದ ಮಾಲು ಅದು. ಒಂದು ಅಕ್ಷರ ಸರೀತು ಅಂತ ಸುರದ ಬಿಡೂದೇನು?”

ಅವನ ಮಾತಿನಲ್ಲಿ ತಪ್ಪೇನೂ ದ್ವಾರಕಾಬಾಯಿಗೆ ಕಾಣಲಿಲ್ಲ. ಚೀಟಿಗಳಲ್ಲಿ ಒಂದಂತೂ ಅಕ್ಕಲಕೋಟೆಯ ಒಬ್ಬ ಬಟ್ಟೆ ವ್ಯಾಪಾರಿಯದು. ನೂರು ಟಾವೆಲ್, ಇನ್ನೂರು ಫ್ರೀ ಚಾದರ ಎಂದು ಸುಂದರವಾದ ಅಕ್ಷರದಲ್ಲಿ ಬರೆದಿದ್ದ. ಶೇಠರು ತೀರ್ಮಾನ ಹೇಳಿದರು. ತಿದ್ದುಪಡಿ ಅಚ್ಚು ಹಾಕಿಸುವುದು, ದ್ವಾರಕಾಬಾಯಿಯೇ ಆ ಹಳ್ಳಿಗಳಿಗೆ ಹೋಗಿ ತಿಳಿಸಿ ಬರುವುದು.

ಆ ದಿನ ಮನೆಯಲ್ಲಿ ಶಿವಾನಂದರು ಹೆಂಡತಿಯ ಮುಖ ನೋಡಿ ತಾವೇ ಚಹಾ ಮಾಡಿದರು. ಲಗ್ನಪತ್ರಿಕೆಯ ಚೇಷ್ಟೆ ಮಾಡಲಿಲ್ಲ. “ಇಷ್ಟ ವರ್ಷದಾಗ ಒಂದ ಸಲ,” ಎಂದರು. “ಒಂದ ಸಲ ಸುದ್ದಾ ನನಗ ಮಾಫಿಲ್ಲ,” ಎಂದರು ದ್ವಾರಕಾಬಾಯಿ. ಚಹಾ ಮಾತ್ರ ಪೂರ್ತಿ ಕುಡಿದರು.

ರವಿವಾರ ಮಧ್ಯಾಹ್ನ ತಿದ್ದುಪಡಿಯ ಕಟ್ಟು ಹಿಡಿದು ನಾಗಣಸೂರಿಗೆ ಹೋದರು. ನಲವತ್ತು ಚೀಟಿ ಆ ಒಂದೇ ಊರಿನಿಂದ ಬಂದಿದ್ದವು, ಅದರಲ್ಲೂ ಬಹಳಷ್ಟರ ಅಕ್ಷರ ಒಂದೇ ತರಹ: ದಪ್ಪ, ಸೊಟ್ಟ, ಗೆರೆ ದಾಟಿ ಹೋದಂಥವು. ಮಕ್ಕಳು ಬರೆದಿರಬೇಕೆಂದು ಅವರ ಎಣಿಕೆ. ಕೇಳುತ್ತ ಹೋದಾಗ ಜನ ಕನ್ನಡ ಸಾಲಿಯ ಕಡೆ ಕೈ ತೋರಿಸಿದರು. ಸಾಲಿಯ ಕಟ್ಟೆಯ ಮೇಲೆ ಇಪ್ಪತ್ತೈದು ಮೂವತ್ತು ಹೆಂಗಸರು ಪಾಟಿ ಹಿಡಿದು ಕುಳಿತಿದ್ದರು. ದೊಡ್ಡವರಿಗೆ ಅಕ್ಷರ ಕಲಿಸುವ ವರ್ಗ ಅದು. ಕಲಿಸುತ್ತಿದ್ದವರು ಅಂಗನವಾಡಿಯ ಸಾವಿತ್ರಿಬಾಯಿ.

ದ್ವಾರಕಾಬಾಯಿ ಯಾರೆಂದು ತಿಳಿದದ್ದೇ ತಡ, ಸಾವಿತ್ರಿಬಾಯಿ ಎದ್ದು ಬಂದು ಕೈ ಹಿಡಿದುಕೊಂಡರು. “ನಿಮ್ಮ ಕಾಗದ ಭಾಳ ಉಪಕಾರ ಮಾಡ್ತು ನೋಡ್ರಿ. ನನ್ನ ಹತ್ತರ ಇದ್ದದ್ದ ಒಂದ ಪುಸ್ತಕ, ಇವರಿಗೆಲ್ಲ ಬಾಯಿಪಾಠ ಆಗಿತ್ತು. ಬಾಯಿಪಾಠ ಹೇಳೂದು ಓದೂದಲ್ಲಲ್ಲ? ನಿಮ್ಮ ಕಾಗದ ತಂದು ಮುಂದ ಇಟ್ಟೆ. ಯಾರೂ ಹೇಳಿಕೊಡಲಾರದ ಓದಿದ್ರು. ಚೀಟಿ ಸುದ್ದಾ ಅವರ ಕೈಲೇ ಬರದಾರ.”

ಮುಂದಿನ ಸಾಲಿನಲ್ಲಿ ಕಲ್ಯಾಣಮ್ಮ ಎಂಬಾಕೆ ಕುಳಿತಿದ್ದಳು. ಊರ ಹಿಟ್ಟಿನ ಗಿರಣಿ ಅವಳದೇ, ಹುಬ್ಬಿನ ಮೇಲೆ ಇನ್ನೂ ಜೋಳದ ಹಿಟ್ಟಿತ್ತು. ಮಡಿಚಿ ಮಡಿಚಿ ಮೆತ್ತಗಾದ ಹ್ಯಾಂಡ್‌ಬಿಲ್ಲು ಸೆರಗಿನಿಂದ ತೆಗೆದು, ಯಾರೂ ಕೇಳದಿದ್ದರೂ ಓದತೊಡಗಿದಳು. “ಎ-ರ-ಡು. ಚಾ-ದ-ರಿ. ಒಂ-ದು. ಟಾ-ವೆಲ್-ಗೆ...” ‘ಗೆ’ ಬಂದಾಗ ಬೆರಳು ಒತ್ತಿ ಹಿಡಿದಳು. “ಈ ‘ಗೆ’ ಗುರ್ತಿಸಲಾಕ ನನಗ ಎರಡ ದಿನ ಬೇಕಾತ್ರಿ. ‘ಗ’ ಬ್ಯಾರೆ, ‘ಗೆ’ ಬ್ಯಾರೆ ಅಂತ ಸಾವಿತ್ರಿ ಬಾಯಾರು ಬೈದಬೈದ ಕಲಿಸ್ಯಾರ.”

ದ್ವಾರಕಾಬಾಯಿ ಕಟ್ಟು ಬಿಚ್ಚಲಿಲ್ಲ. ಆದರೆ ಹೇಳದೆ ಇರುವಂತಿರಲಿಲ್ಲ. ಇದು ತಪ್ಪಾಗಿ ಅಚ್ಚಾಗಿದೆ, ಚಾದರ ತೆಗೆದುಕೊಂಡರೆ ಟಾವೆಲ್ ಫ್ರೀ ಎಂದು ಇರಬೇಕಾಗಿತ್ತು ಎಂದು ನಿಧಾನವಾಗಿ ವಿವರಿಸಿದರು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಜಗಳ ತೆಗೆಯಲಿಲ್ಲ. ಕಲ್ಯಾಣಮ್ಮನ ಮುಖ ಮಾತ್ರ ಇಳಿಯಿತು. ಕಾಗದವನ್ನು ಮತ್ತೆ ಕಣ್ಣಿಗೆ ಹತ್ತಿರ ಹಿಡಿದಳು.

“ಅಂದ್ರ ನಾ ತಪ್ಪ ಓದಿದ್ನೇನ್ರಿ, ಬಾಯಾರ?”

“ಇಲ್ಲವಾ,” ಎಂದರು ದ್ವಾರಕಾಬಾಯಿ. “ನೀ ಬರೋಬರಿ ಓದೀದಿ. ತಪ್ಪ ಓದಿದಾಕಿ ನಾನು.”

ಅಷ್ಟು ಹೇಳಿ ಕಟ್ಟೆಯ ಮೇಲೆ ಅವರ ನಡುವೆಯೇ ಕುಳಿತುಬಿಟ್ಟರು. ಯಾರೋ ನೀರು ಕೊಟ್ಟರು. ಇವರಿಗೆ ಚಾದರ ಹೋದದ್ದು ದೊಡ್ಡದಲ್ಲ ಎಂಬುದು ಅವರಿಗೆ ಅಲ್ಲಿ ಕುಳಿತಾಗಲೇ ಹೊಳೆಯಿತು. ಐವತ್ತು ವರ್ಷ ಇನ್ನೊಬ್ಬರು ಓದಿ ಹೇಳಿದ್ದನ್ನು ನಂಬಿಕೊಂಡು ಬಂದ ಹೆಣ್ಣುಮಕ್ಕಳು. ಮೊದಲ ಸಲ ತಾವೇ ಓದಿದ ಕಾಗದವನ್ನು ನಂಬಿದ್ದರು. ಓದಿದ್ದು ಸರಿ, ಆದರೆ ಅದಕ್ಕೆ ಬೆಲೆಯಿಲ್ಲ ಎಂದರೆ ನಾಳೆ ಯಾವ ಕಾಗದವನ್ನು ನಂಬಿಯಾರು?

ಮರುದಿನ ಅಂಗಡಿಯಲ್ಲಿ ತಿದ್ದುಪಡಿಯ ಕಟ್ಟನ್ನು ಬಿಚ್ಚದೆ ಮೇಜಿನ ಮೇಲಿಟ್ಟರು. ನಡೆದದ್ದೆಲ್ಲ ಹೇಳಿದರು. ಕೊನೆಗೆ, “ವಕೀಲರ ಮಾತು ಖರೆ ಇರಬಹುದು, ಶೇಠಜಿ. ಆದ್ರ ಆ ಕಾಗದದ ಮ್ಯಾಲ ನಿಮ್ಮ ಅಂಗಡಿ ಹೆಸರದ. ಅಕ್ಷರ ಕಲತವರಿಗೆ ನಾವ ಮೊದಲ ಸುಳ್ಳು ಆಗೂದು ಬ್ಯಾಡ್ರಿ,” ಎಂದರು.

ಪರಾಗ ಸುಮ್ಮನಿರಲಿಲ್ಲ. “ಹಂಗಾರ ಆ ನೂರ ಟಾವೆಲ್ಲಿನ ವ್ಯಾಪಾರಿಗೂ ಕೊಡೂದೇನು? ಅವನೂ ಓದ್ಯಾನ.”

ದ್ವಾರಕಾಬಾಯಿ ಆ ವ್ಯಾಪಾರಿಯ ಚೀಟಿಯನ್ನು ಗಂಟಿನಿಂದ ಹೊರತೆಗೆದರು. “ಅವಗ ಚೂಕ ಅಂತ ಗೊತ್ತಿತ್ತು, ಪರಾಗ. ನಂಬಿ ಬರದಾನಂತ ನನಗನಸೂದಿಲ್ಲ.”

“ಗೊತ್ತಿತ್ತೋ ಇಲ್ಲೋ, ನೀವು ಹೆಂಗ ಹೇಳ್ತೀರಿ?”

“ಹೇಳಲಾಕ ಬರೂದಿಲ್ಲ,” ಎಂದು ಒಪ್ಪಿಕೊಂಡರು. ಶೇಠರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಹ್ಯಾಂಡ್‌ಬಿಲ್ಲನ್ನು ಎಳೆದುಕೊಂಡು ತಾವೇ ಓದಲು ನೋಡಿದರು. ‘ಚಾದರಿ’ಯವರೆಗೆ ಬಂದು ನಿಂತರು.

“ಆ ಗಿರಣಿಯಾಕಿ ಇದನ್ನ ಪೂರಾ ಓದಿದ್ಲೇನು?”

“ಪೂರಾ.”

“ಮನಿಗೊಂದು ಟಾವೆಲ್, ಎರಡು ಚಾದರ,” ಎಂದರು ಶೇಠರು. “ಇಲ್ಲೀತನಕಾ ಬಂದ ಚೀಟಿಗೆ ಅಷ್ಟ. ವ್ಯಾಪಾರಿಗೂ ಮನಿ ಅದಲ್ಲ, ಅವನಿಗೂ ಒಂದ. ಇಂದಿನಿಂದ ತಿದ್ದುಪಡಿ ಹಂಚ್ರಿ.”

ಪರಾಗ ಮೂರು ದಿನ ಮುನಿಸಿಕೊಂಡಿದ್ದ. ಆಮೇಲೆ ಸಣ್ಣ ಅಳತೆಯ ಹಳೆಯ ಮಾಲು ಕಳಿಸಿಬಿಡೋಣ, ಚೀಟಿಯಲ್ಲಿ ಅಳತೆ ಬರೆದಿಲ್ಲವಲ್ಲ ಎಂದ. ಅದಕ್ಕೆ ದ್ವಾರಕಾಬಾಯಿ ಒಪ್ಪಿದರು, ಆದರೆ ಪ್ರತಿಯೊಂದು ಚಾದರವನ್ನೂ ಬೆಳಕಿಗೆ ಹಿಡಿದು ನೋಡಿದರು. ಎಳೆ ಹರಿದದ್ದು, ಬಣ್ಣ ಒಂದಕ್ಕೊಂದು ಹತ್ತಿದ್ದು ಕಂಡರೆ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿ ಬದಿಗಿಟ್ಟರು. ಕೊನೆಯ ದಿನ ಪರಾಗನೂ ಇನ್ನೊಂದು ತುದಿ ಹಿಡಿದು ಮಡಿಸಲು ನಿಂತ.

ವ್ಯಾಪಾರಿ ತನ್ನ ಪಾಲಿನ ಒಂದು ಟಾವೆಲ್ಲನ್ನೂ ಎರಡು ಚಾದರವನ್ನೂ ಹಿಂದಕ್ಕೆ ಕಳಿಸಿದ. ದ್ವಾರಕಾಬಾಯಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ, “ಕಾಗದ ಅಂದ್ರ ಎಲ್ಲಾರಿಗೂ ಒಂದ ಕಾಗದ ಇರಬೇಕು, ಬಾಯಿ. ಗರೀಬರಿಗೊಂದು, ನನಗೊಂದು ಅಲ್ಲ. ಅವರಿಗೆ ಬರದಷ್ಟು ಕೊಡ್ತೀರಿ, ನನಗ ಕೊಡೂದಿಲ್ಲ,” ಎಂದ. ಆ ಮಾತು ಅವರನ್ನು ಬಹಳ ದಿನ ಕಾಡಿತು. ಅವನು ಹೇಳಿದ್ದರಲ್ಲಿ ಅರ್ಧ ಖರೆ ಇದೆ ಎಂದು ಗಂಡನ ಮುಂದೆ ಹೇಳುತ್ತಿದ್ದರು. ಯಾವ ಅರ್ಧ ಎಂದು ಶಿವಾನಂದರು ಕೇಳಿದರೆ ಮಾತು ಬದಲಿಸುತ್ತಿದ್ದರು.

ಪಾಡ್ಯಕ್ಕೆ ಎರಡು ದಿನ ಮುಂಚೆ ಟೆಂಪೋ ನಾಗಣಸೂರಿಗೆ ಹೋಯಿತು. ಪರಾಗ ತಾನೇ ಬಂದ. ಸಾಲಿಯ ಕಟ್ಟೆಯ ಮೇಲೆ ಹೆಸರು ಕರೆದು ಕರೆದು ಕೊಟ್ಟರು. ಮುಟ್ಟಿದ್ದಕ್ಕೆ ಪಾವತಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅವನು ಶಾಯಿಯ ಡಬ್ಬಿ ಮುಂದಿಟ್ಟರೆ, ಮೊದಲು ಬಂದಾಕೆ ಅದನ್ನು ಬದಿಗೆ ಸರಿಸಿ ಪೆನ್ನು ಬೇಡಿದಳು. ಹಿಂದಿನವರೂ ಪೆನ್ನೇ ಬೇಡಿದರು. ಒಂದೊಂದು ಸಹಿಗೆ ಮೂರು ನಾಲ್ಕು ನಿಮಿಷ. ಅವಸರದ ಹುಡುಗ ಪರಾಗ, ಗಡಿಯಾರ ನೋಡುವುದನ್ನು ಬಿಟ್ಟು ಬಗ್ಗಿ ಆ ಅಕ್ಷರಗಳನ್ನೇ ನೋಡತೊಡಗಿದ.

“ಮಾವಶಿ, ಇದು ಯಾವ ಅಕ್ಷರ?” ಎಂದು ಕಲ್ಯಾಣಮ್ಮನ ಸಹಿಯ ಮೇಲೆ ಬೆರಳಿಟ್ಟ.

ದ್ವಾರಕಾಬಾಯಿ ಬಾಯಿ ತೆರೆಯುವ ಮೊದಲೇ ಕಲ್ಯಾಣಮ್ಮ ಹೇಳಿದಳು: “ಅದು ‘ಣ’ರೀ, ಸಾಹೇಬ್ರ. ಕಠೀಣ ಅದ. ನಿಮಗ ಸಾವಕಾಶ ಬರ್ತದ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ದ್ವಾರಕಾಬಾಯಿ ಎಲ್ಲರಿಗಿಂತ ಹೆಚ್ಚು ನಕ್ಕರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಟೆಂಪೋ ಹೊರಡುವಾಗ ಸಾವಿತ್ರಿಬಾಯಿ ಓಡಿಬಂದು, ಅಂಗಡಿಯಲ್ಲಿ ಇನ್ನೂ ಏನಾದರೂ ಕನ್ನಡದ ಕಾಗದ ಉಳಿದಿದ್ದರೆ ಕಳಿಸಿಕೊಡಿ, ಇವರಿಗೆ ಓದಲಿಕ್ಕೆ ಸಾಲುತ್ತಿಲ್ಲ ಎಂದರು. ಪರಾಗ ಕಿಡಕಿಯಿಂದ ತಲೆ ಹೊರಗೆ ಹಾಕಿ, “ಕಳಸ್ತೀವ್ರಿ,” ಎಂದ. “ಈ ಸಲ ನಾ ಸುದ್ದಾ ಓದಿ ಕಳಸ್ತೀನಿ.”