ದಿನ ತುಂಬದ ಕೂಸಿನ ಮೂವತ್ತನೇ ದಿನ

ನಾವು ಒಂದು ದಿನವೂ ತಡ ಮಾಡಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ವಿಷಯ ತಿಳಿದವರೆಲ್ಲ “ಕುರಿ ಕಾಯುವ ಜನ, ಆಸ್ಪತ್ರೆ ಎಂದರೆ ಅಸಡ್ಡೆ” ಎಂದು ತಲೆಯಾಡಿಸಿದರು. ಅಸಡ್ಡೆ ಇರಲಿಲ್ಲ. ಅಕ್ಕ ಮತ್ತು ಅಜ್ಜಿ ಹರಿಯಬ್ಬೆಯ ಕಡೆಯ ನಮ್ಮ ಹಟ್ಟಿಯಿಂದ ಮೊದಲ ಬಸ್ಸು ಹಿಡಿದು ನಾನಿರುವ ಚಿತ್ರದುರ್ಗಕ್ಕೆ ಬಂದಿದ್ದರು. ಕಣ್ಣಿನ ಆಸ್ಪತ್ರೆಯ ಬಾಗಿಲು ತೆರೆಯುವ ಹೊತ್ತಿಗೆ ನಾವು ಮೂವರೂ ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. ಅಕ್ಕನ ಮಗಳು ಅಜ್ಜಿಯ ತೊಡೆಯ ಮೇಲೆ, ಕರಿ ಕಂಬಳಿಯೊಳಗೆ ನಿದ್ದೆ ಮಾಡುತ್ತಿದ್ದಳು.

ಒಳಗೆ ರೆಟಿನಾ ಡಾಕ್ಟರು ಇದ್ದರು. ಮಗುವಿನ ಕಣ್ಣಿಗೆ ಹನಿ ಹಾಕಿಸಿ, ಪಾಪೆ ಅಗಲವಾಗುವವರೆಗೆ ಕಾದು, ಹಣೆಗೆ ದೀಪ ಕಟ್ಟಿಕೊಂಡು ಬಗ್ಗಿದರು. ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಎಡಗಣ್ಣನ್ನು ನೋಡುತ್ತ, ತಲೆ ಎತ್ತದೆಯೇ ಕೇಳಲು ಶುರುಮಾಡಿದರು.

“ಎಷ್ಟು ತಿಂಗಳಿಗೆ ಹುಟ್ಟಿದ್ದು?”

“ಏಳು,” ಎಂದೆ.

“ತೂಕ?”

“ಒಂದು ಕೆಜಿ ಇನ್ನೂರು ಗ್ರಾಂ.”

“ಆಕ್ಸಿಜನ್ ಎಷ್ಟು ದಿನ ಇಟ್ಟಿದ್ರು?”

“ಹನ್ನೆರಡು ದಿನ.”

“ರಕ್ತ ಕೊಟ್ಟಿದ್ರಾ?”

“ಎರಡು ಸಲ.”

“ಸೋಂಕು ಏನಾದ್ರೂ?”

“ಆಗಿತ್ತು. ತೂಕವೂ ಸರಿಯಾಗಿ ಏರಲಿಲ್ಲ.” ಕೊನೆಯದನ್ನು ಅವರು ಕೇಳುವ ಮೊದಲೇ ಹೇಳಿದೆ.

ಅವರು ದೀಪ ಆರಿಸಿದರು. “ಇವುಗಳಲ್ಲಿ ಒಂದೆರಡಿದ್ರೂ ಕಣ್ಣಿಗೆ ಅಪಾಯ. ಈ ಮಗೂಗೆ ಎಲ್ಲಾ ಇದಾವೆ. ಯಾಕಮ್ಮಾ ಇಷ್ಟು ತಡ ಮಾಡಿದ್ರಿ?”

ಅಜ್ಜಿ ನನಗಿಂತ ಮೊದಲು ಉತ್ತರ ಕೊಟ್ಟಳು. “ತಡ ಎಲ್ಲಾತು ಸಾಮಿ? ಇವತ್ತಿಗೆ ಸರ್ಯಾಗಿ ಮೂವತ್ತು ದಿನ.”

ಡಾಕ್ಟರು ಡಿಸ್ಚಾರ್ಜ್ ಕಾರ್ಡನ್ನು ತಿರುಗಿಸಿ ನೋಡಿದರು. “ತೊಂಬತ್ತಮೂರು,” ಎಂದರು.

ಇಬ್ಬರ ಲೆಕ್ಕವೂ ಸರಿಯಾಗಿತ್ತು.

ನಮ್ಮ ಮನೆಯಲ್ಲಿ ಕುರಿಯೊಂದು ಅವಧಿಗೆ ಮೊದಲೇ ಈದರೆ ಮರಿಯನ್ನು ಮಂದೆ ಕೂಡುವ ರೊಪ್ಪಕ್ಕೆ ಬಿಡುವುದಿಲ್ಲ. ಹಳೇ ಕಂಬಳಿ ಹಾಸಿ, ಮೇಲೆ ಬಿದಿರಿನ ಪುಟ್ಟಿ ಮುಚ್ಚಿ, ಬೆಳಕು ಗಾಳಿ ತಾಗದ ಮೂಲೆಯಲ್ಲಿ ಇಡುತ್ತಾರೆ. ಆ ಸಲದ ಉಳಿದ ಮರಿಗಳೆಲ್ಲ ದಿನ ತುಂಬಿ ಹುಟ್ಟಿದ ಮೇಲೆ ಪುಟ್ಟಿ ತೆಗೆಯುತ್ತಾರೆ. ಅಂದಿನಿಂದಲೇ ಅದರ ವಯಸ್ಸು. ಹಾಲು ಬಿಡಿಸುವುದು, ಉಣ್ಣೆ ಕತ್ತರಿಸುವುದು, ಎಲ್ಲವೂ ಆ ಲೆಕ್ಕದಲ್ಲೇ. ಅಜ್ಜಿ ಎಷ್ಟೋ ಮರಿಗಳನ್ನು ಹೀಗೆ ಉಳಿಸಿದವಳು. ಮನುಷ್ಯರ ಕೂಸಿಗೂ ಇದೇ ಕ್ರಮ. ಹೆರಿಗೆಯಾಗಬೇಕಿದ್ದ ದಿನ ಬರುವವರೆಗೆ ತೊಟ್ಟಿಲಿಲ್ಲ, ಹೆಸರಿಲ್ಲ, ಹೊಸಿಲು ದಾಟಿಸುವಂತಿಲ್ಲ.

“ದಿನ ತುಂಬ್ದೆ ಬಂದ ಜೀವ ಇನ್ನಾ ಹುಟ್ಟಿಲ್ಲ ಅಂತ್ಲೇ ಲೆಕ್ಕ ಕಣವ್ವ,” ಎಂದಿದ್ದಳು ಅಜ್ಜಿ, ಮಗು ಮನೆಗೆ ಬಂದ ದಿನ. “ಹೊಟ್ಟೆ ಬದ್ಲು ಪುಟ್ಟಿ. ಅಷ್ಟೇಯ.”

ಇದು ಮೂರ್ಖತನವಲ್ಲ. ಮಗು ಕತ್ತು ನಿಲ್ಲಿಸುವುದು, ಕೂರುವುದು, ಇವುಗಳನ್ನು ನೋಡುವಾಗ ಡಾಕ್ಟರುಗಳೂ ದಿನ ತುಂಬಬೇಕಿದ್ದ ತಾರೀಖಿನಿಂದಲೇ ಎಣಿಸುತ್ತಾರೆ ಎಂದು ಆಮೇಲೆ ಓದಿದೆ. ಕಣ್ಣಿನ ಮೊದಲ ಪರೀಕ್ಷೆಗೆ ಮಾತ್ರ ಹುಟ್ಟಿದ ದಿನದಿಂದ ಎಣಿಸಬೇಕು. ಕಣ್ಣಿನ ಹಿಂಪರದೆಯ ರಕ್ತನಾಳಗಳು ಬೆಳೆದು ಮುಗಿಯುವುದು ಗರ್ಭದ ಕೊನೆಯ ತಿಂಗಳುಗಳಲ್ಲಿ. ಅದಕ್ಕೆ ಮೊದಲೇ ಹುಟ್ಟಿದ ಮಗುವಿನಲ್ಲಿ ಅವು ದಿಕ್ಕೆಟ್ಟು ಬೆಳೆದು ಪರದೆಯನ್ನು ಎಳೆದು ಕಿತ್ತುಬಿಡಬಹುದು. ಹೊರಗಿನಿಂದ ನೋಡಿದರೆ ಆರೋಗ್ಯವಂತ ಕಣ್ಣು. ಬೇಗ ಕಂಡರೆ ಲೇಸರಿನಲ್ಲಿ ತಡೆಯಬಹುದು. ನಮ್ಮ ಕೂಸು ಮನೆಯಲ್ಲಿ ಬೆಚ್ಚಗೆ ಮಲಗಿದ್ದ ಆ ಒಂಬತ್ತು ವಾರಗಳಲ್ಲಿ ಇದೆಲ್ಲ ನಡೆದುಹೋಗಿತ್ತು.

ಮಗು ಹುಟ್ಟಿದ್ದ ನರ್ಸಿಂಗ್ ಹೋಮಿಗೆ ಇದು ಗೊತ್ತಿತ್ತು. ನನ್ನ ಸಿಟ್ಟು ಇಲ್ಲಿಂದ ಶುರುವಾಗುತ್ತದೆ, ಇನ್ನೂ ಇಳಿದಿಲ್ಲ. ಆಕ್ಸಿಜನ್ ಕೊಟ್ಟವರು ಅವರೇ. ರಕ್ತ ಏರಿಸಿದವರು ಅವರೇ. ಅದರಿಂದಲೇ ಮಗು ಬದುಕಿತು, ಅದಕ್ಕೆ ನಾನು ಋಣಿ. ಆದರೆ ಡಾಕ್ಟರು ನಮ್ಮನ್ನು ಕೇಳಿದ ಪ್ರತಿ ಪ್ರಶ್ನೆಯ ಉತ್ತರವೂ ಅವರ ಕೈಯಿಂದಲೇ ಆ ಕಾರ್ಡಿನಲ್ಲಿ ಬರೆದಿತ್ತು. ಇಷ್ಟನ್ನೂ ಬರೆದವರು ಇಪ್ಪತ್ತಾರನೇ ದಿನ ಮಗುವನ್ನು ಮನೆಗೆ ಕಳಿಸುವಾಗ, ವಿಟಮಿನ್ ಹನಿಯ ಕೆಳಗೆ, ಇಂಗ್ಲಿಷಿನಲ್ಲಿ, ಮೂವತ್ತು ದಿನಕ್ಕೆ ಕಣ್ಣಿನ ಪರೀಕ್ಷೆ ಎಂದು ಒಂದು ಸಾಲು ಗೀಚಿದ್ದರು. ಯಾವ ದಿನದಿಂದ ಮೂವತ್ತು? ಯಾಕೆ? ಹೋಗದಿದ್ದರೆ ಏನಾಗುತ್ತದೆ? ಒಂದು ಮಾತೂ ಇಲ್ಲ.

ಆ ಸಾಲನ್ನು ಮನೆಯಲ್ಲಿ ಓದಿದವಳು ನಾನು. ಎಂ.ಎಸ್ಸಿ. ಮಾಡಿದ್ದೇನೆ, ಕಾಲೇಜಿನಲ್ಲಿ ಗಣಿತ ಪಾಠ ಹೇಳುತ್ತೇನೆ.

“ಇನ್ನು ನಾಲ್ಕು ದಿನಕ್ಕೆ ಕಣ್ಣು ತೋರಿಸಬೇಕಂತೆ ಅಜ್ಜಿ,” ಎಂದೆ.

“ನಾಕು ದಿನ ಹೆಂಗಾತದೆ? ದಿನ ತುಂಬ್ಲಿ. ಅಲ್ಲಿಂದ ಮೂವತ್ತು,” ಎಂದಳು ಅಜ್ಜಿ.

ಒಳಗಿನಿಂದ ಚಿಕ್ಕಮ್ಮ ನಕ್ಕಳು. “ನಾಕಕ್ಷರ ಕಲ್ತು, ನೂರು ಮರಿ ಸಾಕಿದೋಳಿಗೆ ಹೇಳ್ಕೊಡ್ತಾಳೆ ನೋಡು.”

ನಾನು ಮನೆಯ ಹಿಂದೆ ಹೋಗಿ ನರ್ಸಿಂಗ್ ಹೋಮಿಗೆ ಫೋನ್ ಮಾಡಿದೆ. ಎತ್ತಿದ ಹೆಂಗಸು, “ಮೂವತ್ತು ದಿನ ಆದ್ಮೇಲೆ ಬರ್ರಿ ಮೇಡಂ, ಅರ್ಜೆಂಟ್ ಏನಿಲ್ಲ,” ಎಂದಳು. ಯಾವ ದಿನದಿಂದ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಮತ್ತೆ ಒಳಗೆ ಬಂದು ಎಲ್ಲರೆದುರು ವಾದ ಮಾಡಬೇಕಿತ್ತು. ನನಗೆ ಜೋರಾಗಿ ಮಾತಾಡುವುದು ಮೊದಲಿನಿಂದಲೂ ಕಷ್ಟ. ಅರ್ಜೆಂಟ್ ಏನಿಲ್ಲ ಎಂಬ ಮಾತನ್ನು ಹಿಡಿದುಕೊಂಡು ಮಾರನೇ ದಿನ ಕಾಲೇಜಿಗೆ ಹಿಂತಿರುಗಿದೆ. ತಿಂಗಳ ನಂತರ ಹೋದಾಗ ಮಗುವಿನ ಮುಖದ ಮುಂದೆ ಬಳೆ ಆಡಿಸಿದ್ದೆ. ಅದು ಸದ್ದಿಗೆ ತಿರುಗಿತು, ಸದ್ದಿಲ್ಲದೆ ಆಡಿಸಿದರೆ ಇಲ್ಲ. ಆಗಲೂ ಸುಮ್ಮನಿದ್ದೆ.

ಬಲಗಣ್ಣಿನ ಪರದೆ ಪೂರ್ತಿ ಕಿತ್ತುಬಂದಿತ್ತು. ಎಡಗಣ್ಣಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಅದು ಉಳಿಯಿತು, ಪೂರ್ತಿಯಾಗಿ ಅಲ್ಲ. ದಪ್ಪ ಕನ್ನಡಕ ಬೇಕಾಗುತ್ತದೆ, ಹತ್ತಿರದ್ದು ಕಾಣಬಹುದು ಎಂದಿದ್ದಾರೆ. ನೋಡಲು ಬಂದ ನೆಂಟರು, ಒಂದು ಕಣ್ಣಾದರೂ ಉಳಿಯಿತಲ್ಲ, ಅದೇ ಪುಣ್ಯ ಎಂದರು. ಆ ಪುಣ್ಯವನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಕಾಫಿ ಕೊಟ್ಟೆ.

ಎರಡು ವಾರ ಬಿಟ್ಟು ಒಬ್ಬಳೇ ನರ್ಸಿಂಗ್ ಹೋಮಿಗೆ ಹೋದೆ. ಕೌಂಟರಿನಲ್ಲಿದ್ದ ಸಿಸ್ಟರ್ ಮುಂದೆ ನಮ್ಮ ಕಾರ್ಡನ್ನಿಟ್ಟು, “ಇಲ್ಲಿ ದಿನದ ಬದಲು ತಾರೀಖು ಬರೆಯಬೇಕಿತ್ತು. ಮಗುವಿನ ಒಂದು ಕಣ್ಣು ಹೋಗಿದೆ,” ಎಂದೆ.

ಅವಳ ಮುಖ ಸಣ್ಣಗಾಯಿತು. ಆದರೂ ಹೇಳಿದ್ದು ಇಷ್ಟೇ: “ಎಲ್ಲಾರಿಗೂ ಹಂಗೇ ಬರೆಯೋದ್ರೀ. ಉಳಿದೋರು ಕರ್ಕಂಡು ಬರ್ತಾರಲ್ಲ.”

ಎಷ್ಟು ಜನ ಬರುತ್ತಾರೆ, ಎಷ್ಟು ಜನ ಬರುವುದಿಲ್ಲ ಎಂದು ಲೆಕ್ಕ ಇಟ್ಟಿದ್ದೀರಾ ಎಂದು ಕೇಳಿದೆ. ಡಾಕ್ಟರು ಊಟಕ್ಕೆ ಹೋಗಿದ್ದಾರೆ, ಕುಂತ್ಕಳ್ರಿ ಎಂದಳು.

ಬೆಂಚಿನ ಮೇಲೆ ಹೊಸದುರ್ಗದ ಕಡೆಯ ಅತ್ತೆ ಸೊಸೆ ಕೂತಿದ್ದರು. ಸೊಸೆಯ ಮಡಿಲಲ್ಲಿ ಟವೆಲ್ಲಿನ ಗಂಟಿನಂಥ ಮಗು, ಕೈಯಲ್ಲಿ ಅದೇ ಬಣ್ಣದ ಕಾರ್ಡು. ಆ ದಿನವೇ ಮನೆಗೆ ಹೊರಟಿದ್ದರು. ಪರಿಚಯವಿಲ್ಲದವರನ್ನು ನಾನು ಎಂದೂ ಮಾತಾಡಿಸಿದವಳಲ್ಲ.

“ಆ ಕಾರ್ಡು ಕೊಡ್ರಿ,” ಎಂದೆ.

“ನೀನ್ಯಾರವ್ವ?” ಎಂದರು ಅತ್ತೆ.

“ನಮ್ಮ ಮಗುವೂ ಇಲ್ಲೇ ಹುಟ್ಟಿದ್ದು. ಒಂದು ಕಣ್ಣು ಕಾಣಲ್ಲ.”

ಸೊಸೆ ಕಾರ್ಡು ಕೊಟ್ಟಳು. ತೂಕ, ಆಕ್ಸಿಜನ್, ವಿಟಮಿನ್ ಹನಿ, ಅದರ ಕೆಳಗೆ ಅದೇ ಸಾಲು. ಹುಟ್ಟಿದ ದಿನದಿಂದ ಎಣಿಸಿ, ತಾರೀಖನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು, ಸುತ್ತ ಗೆರೆ ಎಳೆದೆ. “ಅವತ್ತು ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಶುಕ್ರವಾರ ಬರುತ್ತೆ.”

“ಬಾಣಂತೀನ ನಾವು ಎರ್ಡು ತಿಂಗ್ಳು ಹೊಸಿಲು ದಾಟ್ಸಲ್ಲ,” ಎಂದರು ಅತ್ತೆ.

“ದಾಟಿಸ್ರಿ,” ಎಂದೆ. ಕೌಂಟರಿನ ಸಿಸ್ಟರ್ ತಿರುಗಿ ನೋಡಿದಳು. ನನ್ನ ದನಿ ಅಷ್ಟು ಜೋರಾಗಿತ್ತು. “ಬಾಣಂತಿ ಬರದಿದ್ದರೆ ನೀವೇ ಎತ್ತಿಕೊಂಡು ಹೋಗ್ರಿ. ಮಗು ಹೋಗಲೇಬೇಕು.”

ಅತ್ತೆ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು, ಗೆರೆ ಎಳೆದ ತಾರೀಖಿನ ಮೇಲೆ ಹೆಬ್ಬೆರಳಿಟ್ಟರು.

“ಶುಕ್ರವಾರ ಮನೆದೇವ್ರ ವಾರ ಕಣವ್ವ. ಅವತ್ತು ಎಲ್ಲೂ ಹೋಗಂಗಿಲ್ಲ.”

“ಹಂಗಾದ್ರೆ ಗುರುವಾರ ಹೋಗ್ರಿ,” ಎಂದೆ. “ಶನಿವಾರಕ್ಕೆ ತಳ್ಳಬ್ಯಾಡ್ರಿ.”